ನವಿಲು ಕರೆದ ನದಿ

ಪರಸ್ಥಳದಲ್ಲಿ ನೌಕರಿ ಮಾಡುವವರಿಗೆ ಶನಿವಾರದ ಸಂಜೆಯೆಂದರೆ ಒಂದು ಬಗೆಯ ಫಜೀತಿ. ಮನೆ ಹತ್ತಿರವಿಲ್ಲ, ಬಾಡಿಗೆಯ ಕೋಣೆಯಲ್ಲಿ ಗೋಡೆಯ ಸುಣ್ಣವನ್ನು ಎಷ್ಟು ಹೊತ್ತು ನೋಡಬಹುದು? ಧಾರವಾಡದಲ್ಲಿ ಹೀಗೆ ಊರು ಬಿಟ್ಟು ಬಂದ ನಾವು ನಾಲ್ವರು ಗೆಳೆಯರಿದ್ದೇವೆ. ಒಬ್ಬರು ಕಾಸರಗೋಡಿನ ಕಡೆಯವರು, ಇನ್ನೊಬ್ಬರು ಚಾಮರಾಜನಗರದವರು, ನಾನು ತುಮಕೂರಿನವನು. ನಾಲ್ಕನೆಯವರು ಎಲ್ಲರಿಗಿಂತ ದೂರ ಹೋಗಿ ಬಂದವರು. ಮೂರು ವರ್ಷ ಜಪಾನಿನ ನಗೋಯಾದ ಕಾರಖಾನೆಯೊಂದರಲ್ಲಿ ದುಡಿದವರು. ಆದುದರಿಂದ ನಮ್ಮ ಪಾಲಿಗೆ ಅವರು ‘ಜಪಾನಿನ ರಾಯರು’.

ವಾರದ ಕೊನೆಯಲ್ಲಿ ಗೆಳೆಯರೊಡನೆ ಎಲ್ಲಿಗಾದರೂ ಹೋಗಿಬರಬೇಕೆಂಬುದು ರಾಯರು ಅಲ್ಲಿಂದ ತಂದ ರೂಢಿ. ಈ ಸಲ ಎಲ್ಲಿಗೆಂಬುದನ್ನು ತೀರ್ಮಾನಿಸಿದ್ದು ಮಾತ್ರ ನಮ್ಮ ನಲ್ಲಿ. ಐದು ದಿನಗಳ ಮೇಲೆ ಬಂದ ನೀರನ್ನು ಕೊಡಗಳಿಗೆ ತುಂಬುತ್ತ, “ಇಷ್ಟು ಕಾಯಿಸುವ ಈ ನೀರು ಬರುವುದಾದರೂ ಎಲ್ಲಿಂದ?” ಎಂದು ರಾಯರು ಗೊಣಗಿದರು. ಮನೆಯ ಒಡತಿ ಒಳಗಿನಿಂದಲೇ, “ನವಿಲುತೀರ್ಥದ್ದರೀ, ಮಲಪ್ರಭಾ ನೀರು” ಎಂದರು. ಭಾನುವಾರ ಬೆಳಗಿನ ಸವದತ್ತಿ ಬಸ್ಸಿನಲ್ಲಿ ನಾವಿದ್ದೆವು.

ಇದ್ದೆವೆಂದರೆ ನಿಂತಿದ್ದೆವು. 2023ರ ಜೂನ್ ತಿಂಗಳಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಂದಿನಿಂದ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಗಂಡಸರಿಗೆ ಆಸನ ಸಿಕ್ಕುವುದು ಆ ತಾಯಿಯ ಕೃಪೆಯಿಂದ ಮಾತ್ರ. ಅಮ್ಮಿನಭಾವಿ, ಹಾರೋಬೆಳವಡಿ, ಇನಾಮಹೊಂಗಲ — ಒಂದೊಂದು ಊರಿನಲ್ಲಿಯೂ ಬುತ್ತಿಗಂಟು ಹಿಡಿದವರು ಹತ್ತುತ್ತಲೇ ಇದ್ದರು. ಹಿಂದಿನ ಸಾಲಿನಿಂದ “ಉಧೋ ಉಧೋ” ಎಂಬ ಕೂಗೆದ್ದಾಗ ರಾಯರೂ ದನಿಗೂಡಿಸಿಬಿಟ್ಟರು. ನಗೋಯಾದ ರೈಲಿನಲ್ಲಿ ಮೂರು ವರ್ಷ ತುಟಿ ಬಿಚ್ಚದೆ ಕುಳಿತವರು ಅವರು. ಆ ಬಾಕಿ ತೀರಿಸಿಕೊಂಡರೆಂದು ಕಾಣುತ್ತದೆ.

ಸವದತ್ತಿ ಹಳೆಯ ಊರು. ಸುಗಂಧವರ್ತಿಯೆಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿದ್ದುದು. ಸಿರಸಂಗಿಯ ದೇಸಾಯರ ಕೋಟೆಯನ್ನು ಹೊರಗಿನಿಂದಲೇ ನೋಡಿ, ಖಾನಾವಳಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ, ಟಂಟಂ ಹಿಡಿದು ಮುನವಳ್ಳಿಯ ದಾರಿಗೆ ಬಿದ್ದೆವು.

ನವಿಲುತೀರ್ಥವನ್ನು ಕಂಡಾಗ ಮೊದಲು ತೋರುವುದು ಬೆರಗಲ್ಲ, ಅನುಮಾನ. ಗುಡ್ಡದ ಸಾಲು ಗೋಡೆಯಂತೆ ಅಡ್ಡ ನಿಂತಿದೆ. ನದಿ ಅದನ್ನು ಬಳಸಿ ಹೋಗದೆ ನಟ್ಟನಡುವೆ ಸೀಳಿಕೊಂಡು ಹೋಗಿದೆ. ಇದು ಹೇಗಾಯಿತು? ಟಂಟಂ ನಡೆಸುವ ಹುಡುಗನ ಬಳಿ ಉತ್ತರ ಸಿದ್ಧವಾಗಿತ್ತು. ಕಣಕುಂಬಿಯಿಂದ ಹರಿದುಬಂದ ಮಲಪ್ರಭೆ ಗುಡ್ಡ ಎದುರಾದಾಗ ದಿಕ್ಕುಗಾಣದೆ ನಿಂತಳಂತೆ. ಗುಡ್ಡದ ನೆತ್ತಿಯ ಮೇಲಿದ್ದ ನವಿಲು ಕೂಗಿ ಕರೆಯಿತಂತೆ. ನದಿ ಕಲ್ಲನ್ನು ಸೀಳಿ ಅದರ ಕಡೆಗೆ ಬಂದಳಂತೆ. ಚಾಮರಾಜನಗರದವರು ಕಲಾದಗಿ ಶಿಲೆಗಳ ವಿಚಾರವನ್ನು ಎತ್ತಿ, ಎಷ್ಟೋ ಲಕ್ಷ ವರ್ಷ ನದಿಯೇ ಕೊರೆದ ದಾರಿಯಿದು ಎಂದು ವಿವರಿಸತೊಡಗಿದರು. ನಾವು ಮೂವರೂ ನವಿಲಿನ ಪಕ್ಷ ವಹಿಸಿದೆವು.

ಕಮರಿ ಇಷ್ಟು ಇಕ್ಕಟ್ಟಾಗಿರುವುದರಿಂದಲೇ ಅಣೆಕಟ್ಟು ಇಲ್ಲಿ ಎದ್ದಿತು. ಉದ್ದ ಕೇವಲ 154 ಮೀಟರು, ಎತ್ತರ ಸುಮಾರು 43. ಗುಡ್ಡವೇ ಮುಕ್ಕಾಲು ಪಾಲು ಕೆಲಸ ಮಾಡಿಕೊಟ್ಟಿದೆ. 1970ರ ದಶಕದ ಆರಂಭದಲ್ಲಿ ಮುಗಿದ ಈ ಪುಟ್ಟ ಗೋಡೆಯ ಹಿಂದೆ ನಿಲ್ಲುವುದು 37 ಟಿ.ಎಂ.ಸಿ.ಗೂ ಮಿಕ್ಕ ನೀರು. ರೇಣುಕಾಸಾಗರವೆಂಬ ಹೆಸರು ಅತಿಶಯವಲ್ಲ. ಆಚೆಯ ದಡ ಮಬ್ಬಾಗಿ ಕಾಣುತ್ತಿತ್ತು.

ಹಿನ್ನೀರಿನ ಅಂಚಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮನ್ನು ಕಂಡು ಬಳಿಗೆ ಬಂದರು.

“ಯಾವೂರಾದ್ವುರೀ ಸರ?”

ಧಾರವಾಡವೆಂದೆವು. ಅವರು ಕೋಲನ್ನು ಎತ್ತಿ ನೀರಿನ ನಡುವೆ ಒಂದೆಡೆ ತೋರಿದರು. “ಅಲ್ಲಿ ನಮ್ಮ ಹೊಲ ಐತ್ರಿ. ಎರಿ ಹೊಲ, ಬಂಗಾರದಂಥಾದ್ದು. ಬ್ಯಾಸಗ್ಯಾಗ ನೀರ ಭಾಳ ಇಳೀತಂದ್ರ ಬಾವಿ ಕಲ್ಲ ಕಾಣಸ್ತಾವ.”

‘ಇತ್ತು’ ಎನ್ನಲಿಲ್ಲ, ‘ಐತ್ರಿ’ ಎಂದರು. ಪರಿಹಾರವೇನು ಬಂದಿತೆಂದು ನಾನು ಕೇಳಿದೆ. “ಅಪ್ಪ ಇಸ್ಕೊಂಡಿದ್ದ. ಅದು ಯಾವಾಗೋ ಕರಗಿ ಹೋತ್ರಿ. ನೀರ ಅಷ್ಟ ಉಳದಾವ.”

ರಾಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕುರೊಬೆ ಅಣೆಕಟ್ಟಿನ ಸಂಗತಿಯನ್ನು ತೆಗೆದರು. ಜಪಾನಿನಲ್ಲಿದ್ದಾಗ ಕಾರಖಾನೆಯ ಗೆಳೆಯರೊಡನೆ ಇಂಥದೇ ಒಂದು ಭಾನುವಾರ ಅಲ್ಲಿಗೆ ಹೋಗಿದ್ದರಂತೆ. ಪರ್ವತದ ಸುರಂಗದೊಳಗೆ ಬಸ್ಸಿನಲ್ಲಿ ಸಾಗಿ ತಲುಪುವ ಆ ಕಟ್ಟೆ 186 ಮೀಟರು ಎತ್ತರ, ಮುಗಿದದ್ದು 1963ರಲ್ಲಿ. “ಎತ್ತರ ಮರೆತುಹೋಗಿದೆ ಕಣ್ರಪ್ಪ,” ಎಂದರು, “ಆದರೆ ಒಂದು ಪಕ್ಕದಲ್ಲಿ ಸ್ಮಾರಕವಿದೆ. ಕಟ್ಟುವಾಗ ಸತ್ತ 171 ಜನರ ಹೆಸರನ್ನೂ ಬರೆಸಿದ್ದಾರೆ. ನನ್ನ ಜೊತೆಗಿದ್ದ ಹುಡುಗರು ಟೋಪಿ ತೆಗೆದು ನಿಂತರು.”

ಇಲ್ಲಿಯ ಹೆಸರುಗಳು ಬೇರೆಡೆ ಇವೆ. ಈ ಜಲಾಶಯದ ಬಲದಂಡೆ ಕಾಲುವೆ ನವಲಗುಂದ, ನರಗುಂದಗಳ ಎರೆನೆಲದತ್ತ ಹೋಗುತ್ತದೆ. ಹೊಲಕ್ಕೆ ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದರೆಂದು ಆ ಸೀಮೆಯ ರೈತರು ಎದ್ದುನಿಂತರು. 1980ರ ಜುಲೈ 21ರಂದು ಗೋಲಿಬಾರಾಯಿತು. ನರಗುಂದದ ಕಡೆ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ತೆತ್ತರು. ವರ್ಷವರ್ಷವೂ ಆ ದಿನ ಜನ ಅವರನ್ನು ನೆನೆಯುತ್ತಾರೆ. ಹೊಲ ಮುಳುಗಿಸಿಕೊಂಡವರ ಹೆಸರನ್ನು ಮಾತ್ರ ನಾನು ಆ ದಿನ ಯಾವ ಕಲ್ಲಿನ ಮೇಲೂ ಕಾಣಲಿಲ್ಲ.

ಮಲಪ್ರಭೆಯ ಸ್ವಭಾವವೂ ವಿಚಿತ್ರ. ಜಲಾಶಯ ತುಂಬದೆ ಜನ ಮುಗಿಲು ನೋಡಿದ ವರ್ಷಗಳು ಎಷ್ಟೋ. ಮಹದಾಯಿಯ ಕಳಸಾ ಬಂಡೂರಿ ಹಳ್ಳಗಳನ್ನು ಇತ್ತ ತಿರುಗಿಸಬೇಕೆಂಬ ಹೋರಾಟ ಹುಟ್ಟಿದ್ದು ಈ ಕೊರತೆಯಿಂದಲೇ. 2018ರ ಆಗಸ್ಟ್ ತಿಂಗಳಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು. ಮರುವರ್ಷದ ಆಗಸ್ಟಿನಲ್ಲಿ ಇದೇ ನದಿ ಕಟ್ಟೆ ತುಂಬಿ ಕೆಳಗಿನ ಮುನವಳ್ಳಿ, ರಾಮದುರ್ಗಗಳ ಬೀದಿಗೆ ನುಗ್ಗಿತು. ನವಿಲು ಒಮ್ಮೆ ಕರೆಯದೆ ಸುಮ್ಮನಿರುತ್ತದೆ, ಒಮ್ಮೆ ಬೇಡವೆಂದರೂ ಕರೆಯುತ್ತದೆ ಎಂದು ಕಾಸರಗೋಡಿನವರು ನಗೆಯಾಡಿದರು. ಮುದುಕರು ನಗಲಿಲ್ಲ.

ಹೊರಡುವಾಗ ಅವರೇ ಕೇಳಿದರು: “ನಿಮ್ಮಲ್ಲಿ ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ್ರಿ?”

“ಐದು ದಿನಕ್ಕೊಮ್ಮೆ ಅಜ್ಜಾರ.”

“ಬರ್ಲಿ ತಗೊರಿ. ನಮ್ಮ ಹೊಲದ ಮ್ಯಾಲಿನ ನೀರ ಅವು. ನೋಡಿ ಖರ್ಚ ಮಾಡ್ರಿ.”

ಸಂಜೆಯ ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಇನಾಮಹೊಂಗಲ ದಾಟುವವರೆಗೂ ಯಾರೂ ಮಾತನಾಡಲಿಲ್ಲ. ಆಮೇಲೆ ರಾಯರಿಗೆ ನಿದ್ರೆ ಬಂದಿತು.

ಗುರುವಾರ ನಸುಕಿನಲ್ಲಿ ನಲ್ಲಿ ಬಂದಿತು. ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲಿ ಕೊಡ ತೊಳೆಯುವುದು ನಮ್ಮ ವಠಾರದ ಪದ್ಧತಿ. ಕೊಡವನ್ನು ಎತ್ತಿ ಬಚ್ಚಲಿನ ತನಕ ಹೋದವನು ಹಿಂದಿರುಗಿ ಬಂದೆ. ಹಿತ್ತಲಿನ ದಾಸವಾಳದ ಬುಡದಲ್ಲಿ ರಾಯರು ಆಗಲೇ ತಮ್ಮ ಕೊಡವನ್ನು ಬಗ್ಗಿಸಿಕೊಂಡು ನಿಂತಿದ್ದರು.