ಸಿರುಗುಪ್ಪದ ಕೊನೇ ಬಸ್ಸು

ರಾತ್ರಿ ಎಂಟರ ಮೇಲೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತರೆ ಸಾಕು, ಜಿಲ್ಲೆಯ ಹೊಟ್ಟೆಪಾಡೆಲ್ಲ ಕಣ್ಣಮುಂದೆ ಹಾಯುತ್ತದೆ. ಜೀನ್ಸ್ ಹೊಲಿಗೆ ಮುಗಿಸಿ ಬಂದ ಹುಡುಗರ ಬೆರಳಲ್ಲಿ ಇನ್ನೂ ನೀಲಿ ಬಣ್ಣ. ಆದೋನಿ ಬಸ್ಸಿನ ಹತ್ತಿರ ಅರ್ಧ ಕನ್ನಡ, ಅರ್ಧ ತೆಲುಗು. ಸೀಟಿನ ಜಗಳ ಮಾತ್ರ ಪೂರ್ತಿ.

ಬೆಂಗಳೂರು ಬಸ್ಸಿನ ಕಡೆ ಗುಳೆ ಹೊರಟವರು. ಅಕ್ಕಿಚೀಲ, ಚಾಪೆ, ಬಕೆಟ್ಟು, ಬಕೆಟ್ಟಿನೊಳಗೆ ಪಾತ್ರೆ, ಚೀಲದ ಮೇಲೆ ನಿದ್ದೆಗಣ್ಣಿನ ಕೂಸು. ತುಂಗಭದ್ರೆ ಹರಿಯುವ ಸಿರುಗುಪ್ಪ ತಾಲ್ಲೂಕಿನವರೂ ಗುಳೆ ಹೋಗ್ತಾರಾ ಅಂತ ಹೊರಗಿನವರು ಕೇಳ್ತಾರೆ. ಹೋಗ್ತಾರೆ. ನಮ್ಮ ದೇಶನೂರಿಗೆ ವಿಜಯನಗರದ ಅರಸರ ಕಾಲದ ಕಾಲುವೆ ಇದೆ, ಭತ್ತ ಇದೆ. ಕಾಲುವೆ ಮುಟ್ಟದ ಎರೆಹೊಲದವರಿಗೆ ಮಳೆಯೇ ಗತಿ. ಗದ್ದೆ ಇರುವ ಊರಲ್ಲೂ ಗದ್ದೆ ಎಲ್ಲರದ್ದಲ್ಲ ಅನ್ನೋದು ಇನ್ನೊಂದು ಮಾತು.

2023ರ ಜೂನ್ 11ಕ್ಕೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಈ ಹೊತ್ತಲ್ಲೂ ಹೆಂಗಸರು ಹೆಚ್ಚು ಕಾಣ್ತಾರೆ. ವಿಮ್ಸ್ ಆಸ್ಪತ್ರೆಯಿಂದ ಬಂದವರು, ಮಗಳ ಮನೆಗೆ ಹೋಗಿಬಂದವರು. ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು. ಬಿಟ್ಟಿ ಪ್ರಯಾಣ ಅಂತ ಆಡಿಕೊಳ್ಳುವವರು ಒಮ್ಮೆ ಇಲ್ಲಿ ಬಂದು ಕೂರಲಿ. ಟಿಕೆಟ್ಟಿನ ದುಡ್ಡಿಗೆ ಹೆದರಿ ಆಸ್ಪತ್ರೆ ಮುಂದೂಡುತ್ತಿದ್ದವರೇ ಇವರು.

“ಯಪ್ಪಾ, ಇದು ಸಿರುಗುಪ್ಪದ್ದೇನು?” ಅಂತ ಒಬ್ಬ ಅಜ್ಜಿ ಸಾಲಾಗಿ ಕೇಳ್ತಾ ಬಂದಳು. ಎಲ್ಲರೂ ಮೊಬೈಲಲ್ಲಿ. ಕೊನೆಗೆ ಹೇಳಿದ್ದು ಮಿರ್ಚಿ ಒಗ್ಗರಣೆ ಮಾರುವ ಹುಡುಗ: “ಇದಲ್ಲಬೇ, ಆ ಕಡೇದು, ಲಗೂನ ಹೋಗು.”

ಮುಂದಿನ ಸಲ ಯಾರಾದರೂ ಕೇಳಿದರೆ ತಲೆ ಎತ್ತಿ ಬೋರ್ಡು ಓದಿ ಹೇಳ್ರಪ್ಪಾ.