ಐವತ್ತೊಂದನೇ ಗ್ರಾಂ

ಚಳ್ಳಕೆರೆಯವರಿಗೆ ತೂಕದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಮಿಲ್ಲುಗಳ ಊರು, ಶೇಂಗಾ ಸೀಮೆ. ಮಂಡಿಯಲ್ಲಿ ಚೀಲಕ್ಕೆ ಒಂದು ಹಿಡಿ ಹೆಚ್ಚುಕಮ್ಮಿ ಆದರೂ ಜಗಳಕ್ಕೆ ನಿಲ್ಲುವ ಜನ ಅಂಚೆ ಕಚೇರಿ ಕಿಟಕಿಯ ಮುಂದೆ ಮಾತ್ರ ಕೇಳಿದಷ್ಟು ಕೊಟ್ಟು ಬರುತ್ತಾರೆ. ಮಂಡಿಯ ತೂಕ ಏರಿದಷ್ಟೇ ದುಡ್ಡೂ ಏರುತ್ತದೆ. ಅಂಚೆಯದು ಮೆಟ್ಟಿಲ ಲೆಕ್ಕ; ಒಂದು ಗ್ರಾಂ ಜಾಸ್ತಿಯಾದರೂ ಮೇಲಿನ ಮೆಟ್ಟಿಲಿನ ಪೂರ್ತಿ ಬಾಡಿಗೆ.

“ರಿಜಿಸ್ಟ್ರಿ ಮಾಡಿ ಸಾರ್” ಎಂದು ಕವರು ಚಾಚುವವರು ಈಗಲೂ ಇದ್ದಾರೆ. “ರಿಜಿಸ್ಟ್ರಿ ಈಗಿಲ್ಲಪ್ಪ, ಸ್ಪೀಡ್ ಪೋಸ್ಟೇ” ಎನ್ನುತ್ತಾರೆ ಒಳಗಿನವರು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಅಕ್ಟೋಬರ್ 1ರಿಂದ ದರವೂ ಹೊಸದು. ಊರೊಳಗಾದರೆ 50 ಗ್ರಾಂವರೆಗೆ 19 ರೂಪಾಯಿ, ಹೊರಗೆ ಎಲ್ಲಿಗಾದರೂ 47. ಚಿತ್ರದುರ್ಗಕ್ಕೂ 47, ದೆಹಲಿಗೂ 47. ಐವತ್ತೊಂದನೇ ಗ್ರಾಂ ಬಂತೋ, ದೂರ ಲೆಕ್ಕಕ್ಕೆ ಬರುತ್ತದೆ: 200 ಕಿಲೋಮೀಟರ್ ಒಳಗೆ 59, 2000 ದಾಟಿದರೆ 77. ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ವಿಳಾಸದಾರರ ಕೈಗೇ ಕೊಡಬೇಕೆಂದರೆ ಇನ್ನೈದು ರೂಪಾಯಿ.

ಜೆರಾಕ್ಸ್ ಅಂಗಡಿಯ ಎ4 ಹಾಳೆ ಒಂದು ಸುಮಾರು 5 ಗ್ರಾಂ ತೂಗುತ್ತದೆ. ಹತ್ತು ಹಾಳೆಗೇ 50 ಮುಗಿಯಿತು; ಕವರು, ಪಿನ್ನು, ಅಂಟಿಸಿದ ಟೇಪು ಎಲ್ಲ ಮೇಲಿನ ಮೆಟ್ಟಿಲಿಗೆ. ಹಾಳೆಯ ಎರಡೂ ಬದಿಗೆ ಜೆರಾಕ್ಸ್ ಮಾಡಿಸಿದರೆ ಇಷ್ಟೂ ಉಳಿಯುತ್ತದೆ. ಆದರೆ ಅರ್ಜಿ ಹಾಕುವ ಹುಡುಗರು ಅಂಕಪಟ್ಟಿಗಳನ್ನು ಒಂದೊಂದೇ ಬದಿಗೆ ತೆಗೆಸಿ, ಗಟ್ಟಿ ಕಂದು ಕವರಿಗೆ ತುರುಕಿ ತರುತ್ತಾರೆ. ಅವಸರವಿಲ್ಲದ, ರಸೀದಿ ಬೇಡದ ಕಾಗದಕ್ಕೆ 5 ರೂಪಾಯಿಯ ಸಾದಾ ಲಕೋಟೆ 20 ಗ್ರಾಂವರೆಗೆ ಸಾಕು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಮೊಳಕಾಲ್ಮೂರಿನ ಕಷ್ಟ ಬೇರೆ. ಅಲ್ಲಿಯ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಗೌರವ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ವ್ಯಾಪಾರ ಮಾಡುವುದೂ ಬಂದಿದೆ. ಸೀರೆ ಕೆಜಿಗಿಂತ ಹಗುರ. ಆದರೆ ಅಂದಕ್ಕೆಂದು 40 ಸೆಂಟಿಮೀಟರ್ ಉದ್ದ, 30 ಅಗಲ, 10 ಎತ್ತರದ ಡಬ್ಬಿಗೆ ಹಾಕಿದರೆ ಕೊರಿಯರಿನವರು ಟೇಪು ಹಿಡಿಯುತ್ತಾರೆ. ಮೂರನ್ನೂ ಗುಣಿಸಿ 5000ದಿಂದ ಭಾಗಿಸುವುದು ಅವರಲ್ಲಿ ಹಲವರ ರೂಢಿ. ಬರುವುದು 2.4 ಕೆಜಿ. ಅಂದರೆ ಕಟ್ಟುವುದು ಸೀರೆಗಲ್ಲ, ಡಬ್ಬಿಯೊಳಗಿನ ಗಾಳಿಗೆ. ಡಬ್ಬಿ ಬಿಟ್ಟು ಬಿಗಿಯಾಗಿ ಮಡಿಸಿ ಎಂದರೆ ನೇಕಾರರು ಒಪ್ಪುವುದಿಲ್ಲ, ಜರಿ ಮಡಿಕೆಯಲ್ಲಿ ಮುರಿಯುತ್ತದೆ. ಅವರ ಮಾತೇ ಸರಿ. ಸೀರೆಯ ಅಳತೆಗೆ ತಕ್ಕ ತೆಳು ಡಬ್ಬಿ ಮಾಡಿಸಿಕೊಳ್ಳುವುದು ನಡುದಾರಿ.

ಪುಸ್ತಕದವರ ಗೋಳು ಹೇಳಿದರೆ ಉದ್ದವಾಗುತ್ತದೆ. ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟು 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರು ತಲೆ ಮೇಲೆ ಕೈಹೊತ್ತರು; 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಬಂತು. 300 ಗ್ರಾಂಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ನೆಲದ ದಾರಿಯಲ್ಲಿ ನಿಧಾನವಾಗಿ ಬರುತ್ತದೆ. ಕವನ ಸಂಕಲನಕ್ಕೆ ಅವಸರವೇನೂ ಇಲ್ಲ.

ಇನ್ನು ಲಗ್ನಪತ್ರಿಕೆ. ಲಕೋಟೆಯ ಬಾಯಿ ಅಂಟಿಸದೆ ಒಳಗೆ ಮಡಚಿ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು ಕಳಿಸುತ್ತಿದ್ದ ಜಾಣತನ ನಮ್ಮ ಹಿರಿಯರದು. ಅಚ್ಚಾದದ್ದು ಬಿಟ್ಟು ಕೈಬರಹದ ಸ್ವಂತ ಸುದ್ದಿ ಇರಬಾರದೆಂಬ ನಿಯಮವಿತ್ತು. “ನಾಲ್ಕು ದಿನ ಮುಂಚೆಯೇ ಬನ್ನಿ” ಎಂಬ ಸಾಲು ಮೂಲೆಯಲ್ಲಿ ಇದ್ದೇ ಇರುತ್ತಿತ್ತು. ಈಗಿನ ಪತ್ರಿಕೆಗೆ ವೆಲ್ವೆಟ್ಟು, ಬಂಗಾರದ ಗಣಪತಿ, ದಾರದ ಗೊಂಡೆ. ಇಪ್ಪತ್ತು ಗ್ರಾಂ ಯಾವಾಗಲೋ ದಾಟಿರುತ್ತದೆ. ಅದಕ್ಕೂ 5 ರೂಪಾಯಿಯ ಚೀಟಿ ಒಂದನ್ನೇ ಅಂಟಿಸಿ ಡಬ್ಬಿಗೆ ಹಾಕಿದರೆ, ಕಡಿಮೆ ಬಿದ್ದದ್ದರ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುವುದು ಅಂಚೆಯ ಹಳೆಯ ವಾಡಿಕೆ. ಬೆಂಗಳೂರಿನ ಮಾವ ಆ ದಂಡವನ್ನು ಮುಯ್ಯಿಯಲ್ಲಿ ಮುರಿದುಕೊಂಡರೆ ಬೀಗರೇನೂ ಕೇಳುವ ಹಾಗಿಲ್ಲ.