ಸಸ್ಪೆನ್ಸ್ ಅಕೌಂಟಿನಲ್ಲಿ ಏಳು ತುಂಡು

ಬ್ಯಾಂಕಿನವನಿಗೆ ಹವ್ಯಾಸ ಅಂತ ಇದ್ದರೆ ಅದು ಶೇರು ಮಾರ್ಕೆಟ್ಟು, ಇಲ್ಲವೇ ವಾಕಿಂಗು ಅನ್ನುವುದು ನಮ್ಮ ಬ್ರಾಂಚಿನವರ ನಂಬಿಕೆ. ನಾನು ಪ್ಲಾಸ್ಟಿಕ್ ಚೂರು ಹುಡುಕುತ್ತೇನೆ ಅಂದರೆ ನಗುತ್ತಾರೆ. ನಗಲಿ ಬಿಡಿ. ಈ ಹುಚ್ಚು ಏನು, ಎಂಥದು ಅಂತ ಇವತ್ತು ಬರೆದೇ ಬಿಡುತ್ತೇನೆ.

'ಸ್ಟಾರ್ ವಾರ್ಸ್' ಸಿನಿಮಾ ನೀವು ನೋಡಿರಬಹುದು. 1977ರಲ್ಲಿ ಬಂದದ್ದು. ಅದರಲ್ಲಿ 'ಮಿಲೇನಿಯಮ್ ಫಾಲ್ಕನ್' ಅಂತ ಒಂದು ಹಡಗು, ಆಕಾಶದಲ್ಲಿ ಹಾರುವಂಥದ್ದು. ದೊಡ್ಡ ತಟ್ಟೆಗೆ ಮುಂದೆ ಎರಡು ಕೋರೆಹಲ್ಲು ಇಟ್ಟ ಹಾಗೆ ಇದೆ. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಹಡಗು ಬರೆಯುವ ಸೌಲಭ್ಯ ಎಲ್ಲಿತ್ತು? ನಿರ್ದೇಶಕ ಜಾರ್ಜ್ ಲ್ಯೂಕಸ್ 1975ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಅನ್ನುವಲ್ಲಿ ಒಂದು ಗೋಡೌನಿನಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಅನ್ನುವ ಸಂಸ್ಥೆ ಶುರು ಮಾಡಿದ. ಅಲ್ಲಿಯ ಹುಡುಗರು ಕೈಯಲ್ಲೇ ಮಾಡೆಲ್ ಕಟ್ಟಿದರು. ಫಾಲ್ಕನ್ನಿಗೆ ಮೊದಲು ಬೇರೆಯೇ ಆಕಾರ ಇತ್ತು. 'ಸ್ಪೇಸ್: 1999' ಅನ್ನುವ ಬ್ರಿಟಿಷ್ ಟೀವಿ ಧಾರಾವಾಹಿಯ ಹಡಗನ್ನು ಹೋಲುತ್ತದೆ ಅಂತ ಅದನ್ನು ಬದಲಾಯಿಸಿದರು. ಆ ಹಳೇ ಮಾಡೆಲನ್ನೇ ತಿದ್ದಿ ಬೇರೊಂದು ಹಡಗು ಮಾಡಿಕೊಂಡರು. ಉಳಿತಾಯ ಅಂದರೆ ಹೀಗಿರಬೇಕು!

ನನಗೆ ಕುತೂಹಲ ಹುಟ್ಟಿಸಿದ್ದು ಕತೆಯಲ್ಲ, ಹಡಗಿನ ಮೈ. ಅದರ ಮೇಲೆ ನೂರಾರು ಪೈಪು, ಡಬ್ಬಿ, ಚಕ್ರ, ಜಾಲರಿ... ಇವನ್ನೆಲ್ಲ ಯಾರೂ ಒಂದೊಂದಾಗಿ ಕೆತ್ತಲಿಲ್ಲ. ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿ ರಾಶಿ ತಂದು, ಟ್ಯಾಂಕು, ರೇಸ್ ಕಾರು, ಯುದ್ಧನೌಕೆಗಳ ಬಿಡಿಭಾಗ ಕತ್ತರಿಸಿ ಅಂಟಿಸಿದರು. ತಾಮಿಯಾ, ಏರ್‌ಫಿಕ್ಸ್, ರೆವೆಲ್, ಮಾನೊಗ್ರಾಮ್ ಹೀಗೆ ಹಲವು ಕಂಪನಿಯ ಕಿಟ್ಟು. ಇದಕ್ಕೆ 'ಕಿಟ್‌ಬ್ಯಾಶಿಂಗ್' ಅಂತ ಹೆಸರು. 1968ರ '2001: ಎ ಸ್ಪೇಸ್ ಒಡಿಸ್ಸಿ' ಮಾಡುವವರೂ ಹೀಗೇ ಮಾಡಿದ್ದರು. 'ವೈ-ವಿಂಗ್' ಅನ್ನುವ ಇನ್ನೊಂದು ಹಡಗಿನ ಎಂಜಿನ್ನಿನ ಗುಂಡನೆ ತುದಿಯಂತೂ ಹೆಂಗಸರ ಕಾಲುಚೀಲ ಹಾಕಿ ಮಾರುತ್ತಿದ್ದ ಮೊಟ್ಟೆಯಾಕಾರದ ಡಬ್ಬಿ!

ಈಗ ಪ್ರಪಂಚದ ಮೂಲೆ ಮೂಲೆಯಲ್ಲಿ ಕೆಲವರು ಈ ಒಂದೊಂದು ತುಂಡು ಯಾವ ಕಿಟ್ಟಿನದು ಅಂತ ಪತ್ತೆ ಹಚ್ಚುತ್ತಾ ಕೂತಿದ್ದಾರೆ. ನಾನೂ ನನ್ನ ಮಗಳೂ ಆ ಪೈಕಿ.

ಇದು ಸಾಧ್ಯವಾಗುವುದು ಹೇಗೆ ಅಂದರೆ, ಕಿಟ್ಟಿನ ಭಾಗಗಳು ಉಕ್ಕಿನ ಅಚ್ಚಿನಿಂದ ಬರುತ್ತವೆ. ಒಂದೇ ಅಚ್ಚಿನ ತುಂಡುಗಳೆಲ್ಲ ಒಂದೇ ಥರ. ಆದ್ದರಿಂದ ಫೋಟೋದಲ್ಲಿ ಕಂಡ ಗಾಲಿಯಲ್ಲಿ ಎಷ್ಟು ಬೋಲ್ಟು, ಅಂಚು ಎಷ್ಟು ದಪ್ಪ ಅಂತ ಎಣಿಸಿ, ಹಳೇ ಕಿಟ್ಟುಗಳ ಜೋಡಣೆ ಕಾಗದದ ಚಿತ್ರದೊಂದಿಗೆ ಹೋಲಿಸಬಹುದು. ತೊಂದರೆ ಏನೆಂದರೆ, ಅವರು ತುಂಡನ್ನು ತಲೆಕೆಳಗು ಅಂಟಿಸಿದ್ದಾರೆ, ಅರ್ಧ ಕತ್ತರಿಸಿದ್ದಾರೆ, ಮೇಲೆ ಇನ್ನೊಂದು ಕೂರಿಸಿದ್ದಾರೆ. ಹೊರಗೆ ಕಾಣಬೇಕಾದ ಮುಖ ಒಳಗೆ, ಒಳಗಿನದು ಹೊರಗೆ. ಹಳೇ ಲೆಡ್ಜರ್ ಕಾಲದಲ್ಲಿ ನಾವು ರಾತ್ರಿ ಕೂತು ವ್ಯತ್ಯಾಸ ಹುಡುಕುತ್ತಿದ್ದೆವಲ್ಲ, ಹಾಗೇ. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ ಅಂಕಿ ಅದಲು ಬದಲು ಬರೆದಿರಬಹುದು, 54 ಹೋಗಿ 45 ಆಗಿರಬಹುದು ಅಂತ ಹಿರಿಯರು ಹೇಳಿಕೊಟ್ಟಿದ್ದರು. ಇಲ್ಲೂ ತುಂಡು ಸಿಗದಿದ್ದರೆ ಮೊದಲು ಚಿತ್ರವನ್ನು ತಿರುಗಿಸಿ ನೋಡು ಅನ್ನುವುದೇ ಮೊದಲ ಪಾಠ.

ಒಂದು ತುಂಡು ಸಿಕ್ಕಿತು ಅಂದರೆ ಅದರಿಂದ ಇನ್ನೊಂದು ಲಾಭ ಇದೆ. ಅದೇ ಅಳತೆಪಟ್ಟಿ ಆಗುತ್ತದೆ! ತಾಮಿಯಾದ 88 ಮಿಲಿಮೀಟರ್ ಜರ್ಮನ್ ಫಿರಂಗಿಯ ಕಿಟ್ಟು 1/35 ಅಳತೆಯದು. ಅದರ ಒಂದು ಭಾಗ ಗುರುತಾದರೆ ಅಸಲಿ ತುಂಡನ್ನು ಅಳೆದು, ಫೋಟೋದಲ್ಲಿ ಪಕ್ಕದ ಪೈಪು ಎಷ್ಟು ದಪ್ಪ, ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಆದರೆ ಎರಡೂ ಕ್ಯಾಮೆರಾದಿಂದ ಹೆಚ್ಚು ಕಡಿಮೆ ಒಂದೇ ದೂರದಲ್ಲಿರಬೇಕು, ಇಲ್ಲದಿದ್ದರೆ ಹತ್ತಿರದ್ದು ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ. 1997ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಈ ಸಿನಿಮಾದ ಮಾಡೆಲ್‌ಗಳು ಪ್ರದರ್ಶನಕ್ಕೆ ಬಂದ ಮೇಲೆ ನಾಲ್ಕೂ ಕಡೆಯ ಫೋಟೋಗಳು ಜನರ ಕೈಗೆ ಬಂದವು.

ಫಾಲ್ಕನ್ ಒಂದೇ ಅಲ್ಲ ಅನ್ನುವುದೂ ನೆನಪಿರಬೇಕು. ಮೊದಲ ಚಿತ್ರದ್ದು ಸುಮಾರು 5 ಅಡಿ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ಗೆ 32 ಇಂಚಿನ ಇನ್ನೊಂದು ಮಾಡಿದರು. ದೊಡ್ಡದರ ಮೇಲೆ ಕೂತ ತುಂಡು ಚಿಕ್ಕದರಲ್ಲಿ ಅದೇ ಅಳತೆಗೆ ಕೂರುವುದಿಲ್ಲ. ಹಾಗಾಗಿ ಒಂದರ ಪಟ್ಟಿ ಇನ್ನೊಂದಕ್ಕೆ ನಡೆಯುವುದಿಲ್ಲ. ಕಾಲುಗಳೂ ಅಷ್ಟೇ, ಮೊದಲು ಮೂರಿದ್ದವು, ಎರಡನೇ ಚಿತ್ರಕ್ಕೆ ಐದಾದವು.

ಡೊಂಬಿವಲಿಯ ನಮ್ಮ ಮನೆ 550 ಚದರಡಿ. ಇಡೀ ಹಡಗು ಕಟ್ಟಿದರೆ ನಾವು ಮೆಟ್ಟಿಲ ಮೇಲೆ ಮಲಗಬೇಕು. ಅದಕ್ಕೇ 32 ಇಂಚಿನದರ ಪಕ್ಕೆಯ ಒಂದು ತುಂಡು ಮಾತ್ರ, ಒಂದಡಿ ಉದ್ದದ್ದು, ಮಾಡೋಣ ಅಂತ ನಾನೂ ಮಗಳೂ ಹಿಡಿದೆವು. ಎಣಿಸಿದರೆ 41 ಭಾಗ. ಕೆಲವಕ್ಕೆ ಹಳೇ ಕಿಟ್ಟೇ ಸಿಕ್ಕಿತು. ಕೆಲವನ್ನು ಒಬ್ಬರಿಂದ ಕಡ ತಂದು, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ರೆಸಿನ್ ಸುರಿದು ಮಾಡಿದೆವು. ರೆಸಿನ್ ಆರುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ. ಅದಕ್ಕೇ ಅಚ್ಚು ಯಾವಾಗಲೂ ಅಸಲಿನಿಂದಲೇ ತೆಗೆಯಬೇಕು. ನಕಲಿನ ನಕಲು ತೆಗೆಯುತ್ತ ಹೋದರೆ ತುಂಡು ಸಣ್ಣದಾಗುತ್ತ, ಅಂಚು ಮೊಂಡಾಗುತ್ತ ಹೋಗುತ್ತದೆ.

34 ಮುಗಿದವು. ಏಳು ಯಾವ ಕಿಟ್ಟಿನವೋ ಪತ್ತೆಯೇ ಇಲ್ಲ. ಬ್ಯಾಂಕಿನಲ್ಲಿ ಎಲ್ಲಿಯದು ಅಂತ ತಿಳಿಯದ ದುಡ್ಡು ಬಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕಿಡುತ್ತೇವೆ. ಹಾಗೇ ಆ ಏಳು ಜಾಗ ಖಾಲಿ ಇಟ್ಟೆ.

ಅಷ್ಟರಲ್ಲಿ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಹೊರಡಬೇಕು. ನಮ್ಮ ಸೊಸೈಟಿಯ ಒಬ್ಬ ಹುಡುಗನ ಹತ್ತಿರ 3ಡಿ ಪ್ರಿಂಟರ್ ಇದೆ, "ಅಂದಾಜಿನ ಮೇಲೆ ಏಳನ್ನೂ ಪ್ರಿಂಟ್ ಮಾಡಿಸಿ ಮುಗಿಸೋಣ" ಅಂದಳು. ನಾನು ಬೇಡ ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಬರೆಯುವುದಕ್ಕೆ ನಮ್ಮ ಕೆಲಸದಲ್ಲಿ ಬೇರೆ ಹೆಸರಿದೆ.

"ಅಪ್ಪಾ, ಅವರೇನು ದೇವರ ಮೂರ್ತಿ ಮಾಡಿದ್ರಾ? ಕೈಗೆ ಸಿಕ್ಕಿದ್ದ ಅಂಟಿಸಿದ್ರು. ನಾವೂ ಹಂಗ ಅಂಟಿಸಿದ್ರ ಅದ ಖರೆ ಫಾಲ್ಕನ್ ಆಗ್ತದ" ಅಂದಳು. (ಗದಗ ಬಿಟ್ಟು ಮೂವತ್ತು ವರ್ಷ ಆದರೂ ಮನೆಯೊಳಗೆ ನಮ್ಮ ಮಾತು ಹೀಗೇ.)

ನನ್ನಾಕೆ ಅಡುಗೆಮನೆಯಿಂದಲೇ, "ಅಕಿ ಹೇಳೋದು ಖರೆ ಅದರಿ. ನಿಮ್ಮ ಆಡಿಟ್ ಮುಗಿಯೋದ್ರಾಗ ಅಕಿ ವಿಮಾನ ಹೋಗಿರ್ತದ" ಅಂದಳು.

ಮಗಳ ಮಾತಿನಲ್ಲಿ ಸತ್ಯ ಇದೆ ಅಂತ ನನಗೂ ಅನಿಸಿತು. ಆ ಹುಡುಗರಿಗೆ ತಾವು ಅಂಟಿಸಿದ ಗಾಲಿಯನ್ನು ದಶಕಗಳ ನಂತರ ಡೊಂಬಿವಲಿಯಲ್ಲಿ ಒಬ್ಬ ಭೂತಗನ್ನಡಿ ಹಿಡಿದು ನೋಡುತ್ತಾನೆ ಅಂತ ಕನಸು ಬಿದ್ದಿತ್ತೇ? ಆದರೆ ಅವರು ಇಲ್ಲದ್ದನ್ನು ಮಾಡುತ್ತಿದ್ದರು, ನಾವು ಇದ್ದದ್ದನ್ನು ತಿಳಿಯಲು ಹೊರಟವರು. ಎರಡೂ ಒಳ್ಳೆಯ ಕೆಲಸವೇ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾಡಬಾರದು, ಅಷ್ಟೇ.

ಕಡೆಗೆ ದಾರಿ ತೋರಿಸಿದವಳೂ ಅವಳೇ. ಏಳು ತುಂಡನ್ನೂ ಬಿಳಿ ಪ್ಲಾಸ್ಟಿಕ್ ಹಾಳೆಯಲ್ಲಿ ಕೈಯಿಂದಲೇ ಕತ್ತರಿಸಿ ಕೂರಿಸೋಣ, ಆದರೆ ಬಣ್ಣ ಹಚ್ಚುವುದು ಬೇಡ ಅಂದಳು. ಉಳಿದದ್ದೆಲ್ಲ ಬೂದು ಬಣ್ಣ, ಈ ಏಳು ಮಾತ್ರ ಬಿಳಿ. ನೋಡಿದವರಿಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಅಂದಾಜು ಅಂತ ತಿಳಿಯುತ್ತದೆ. ಅಂಟು ಕೂಡ ಸ್ವಲ್ಪವೇ ಹಾಕಿದೆವು, ಬೇಕಾದಾಗ ಕೀಳಲು. ಹೊರಡುವ ಹಿಂದಿನ ರಾತ್ರಿ ಒಂದೂವರೆಗೆ ಮುಗಿಯಿತು. ಬೆಳಿಗ್ಗೆ ಇಬ್ಬರ ಬೆರಳಿಗೂ ಅಂಟು ಹತ್ತಿಕೊಂಡೇ ಇತ್ತು.

ಈಗ ಅವಳು ಅಲ್ಲಿ ಭಾನುವಾರದ ಸಂತೆಗಳಲ್ಲಿ ಹಳೇ ಕಿಟ್ಟಿನ ಡಬ್ಬಿ ಕಂಡರೆ ತೆರೆದು ನೋಡುತ್ತಾಳಂತೆ. ಹೋದ ತಿಂಗಳು ಒಂದು ಟ್ಯಾಂಕಿನ ಕಿಟ್ಟಿನ ಫೋಟೋ ಕಳಿಸಿದಳು, ಕೆಳಗೆ ಒಂದೇ ಸಾಲು: "ಅಪ್ಪಾ, ನಂಬರ್ 4 ನೋಡು, ತಲೆಕೆಳಗು ಮಾಡಿ." ಮಾಡಿ ನೋಡಿದೆ. ಅದೇ!

ಸಸ್ಪೆನ್ಸಿನಲ್ಲಿ ಇನ್ನು ಆರು ಬಾಕಿ. ಬ್ಯಾಂಕಿನಲ್ಲಾದರೆ ಈ ಅಕೌಂಟು ಬೇಗ ಸೊನ್ನೆ ಆಗಲಿ ಅಂತ ಹಾರೈಸುತ್ತೇವೆ. ಇಲ್ಲಿ ಮಾತ್ರ ನನಗೆ ಅಷ್ಟೇನೂ ಅವಸರವಿಲ್ಲ. ಆರು ಬಾಕಿ ಇವೆ ಅಂದರೆ ಮಗಳಿಂದ ಇನ್ನೂ ಆರು ಫೋಟೋ ಬರಬೇಕಾಗಿದೆ ಅಂತ ತಾನೇ ಅರ್ಥ?

ನಿಮ್ಮ ಅಟ್ಟದ ಮೇಲೂ ಹಳೇ ಕಿಟ್ಟಿನ ಡಬ್ಬಿ ಇದ್ದರೆ, ರದ್ದಿಯವನಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿ. ಯಾರ ಬಾಕಿ ಅದರಲ್ಲಿದೆಯೋ!